ಓದು ಬಾರದವರಿಗೆ ಇನ್ಸುಲಿನ್ ಹೇಳಿಕೊಡೋದು ಹೇಗೆ?

ಪ್ರಶ್ನೆ (ಸ್ಟಾಫ್ ನರ್ಸ್, ಮುಳಬಾಗಿಲು):
30/70 ಇನ್ಸುಲಿನ್ (ಬೇಗ ಕೆಲಸ ಮಾಡುವುದು 30, ನಿಧಾನದ್ದು 70 ಪಾಲು ಬೆರೆಸಿದ್ದು) ಬರೆಸಿಕೊಂಡು ಮನೆಗೆ ಹೋಗುವ ಹಳ್ಳಿಯವರಿಗೆ ಏನೇನು ತಪ್ಪದೆ ಹೇಳಬೇಕು? ಓದು ಬರಲ್ಲ, ಮನೇಲಿ ಫ್ರಿಜ್ಜೂ ಇರಲ್ಲ.

ಉತ್ತರ 1:
ಮೊದಲು ಸಿರಿಂಜ್. ಬಾಟಲಿ ಮೇಲೆ 40 (ಅಂದರೆ ಒಂದು ಎಂ.ಎಲ್.ಗೆ 40 ಯೂನಿಟ್) ಅಂತಿದ್ದರೆ ಕೆಂಪು ಮುಚ್ಚಳದ್ದು, 100 ಇದ್ದರೆ ಕಿತ್ತಳೆ ಮುಚ್ಚಳದ್ದು. 40ರ ಔಷಧಿಯನ್ನ 100ರ ಸಿರಿಂಜಲ್ಲಿ 20ರ ಗೆರೆವರೆಗೆ ಎಳೆದರೆ ಹೋಗೋದು ಬರೀ 8 ಯೂನಿಟ್. ಅದಲುಬದಲಾಗಿ 100ರ ಔಷಧಿಯನ್ನ 40ರ ಸಿರಿಂಜಲ್ಲಿ ಅದೇ ಗೆರೆವರೆಗೆ ಎಳೆದರೆ 50 ಯೂನಿಟ್, ಜೀವಕ್ಕೇ ಅಪಾಯ. ಖಾಲಿ ಬಾಟಲಿ, ಸಿರಿಂಜ್ ಎರಡನ್ನೂ ಅಂಗಡಿಗೆ ತೋರಿಸಿಯೇ ಹೊಸದು ತರಲಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ "ಹ್ಞೂಂ" ಅಂತಾರೆ. "ನೀವೇ ಎಳೆದು ತೋರಿಸಿ ಅಮ್ಮ" ಅನ್ನಿ.

ಉತ್ತರ 2:
ಫ್ರಿಜ್ ಇಲ್ಲದಿದ್ದರೆ ಮಡಕೆ ಸಾಕು. ದೊಡ್ಡ ಮಡಕೇಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಕುಡಿಕೆ. ಬಾಟಲಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಕುಡಿಕೇಲಿಡಿ. ನೆರಳಲ್ಲಿ, ಒಲೆಯಿಂದ ದೂರ. ತೆರೆದ ದಿನ ಕ್ಯಾಲೆಂಡರಲ್ಲಿ ಸುತ್ತು ಹಾಕಿಸಿ, 28 ದಿನ ಕಳೆದರೆ ಬಿಸಾಡಲಿ. ಕುಲುಕಬಾರದು, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಉರುಳಿಸಿದ ಮೇಲೂ ಗಂಟು ಉಳಿದರೆ ಬೇಡ.

ಪ್ರಶ್ನೆ ಕೇಳಿದವರು:
ಚುಚ್ಚಿಕೊಂಡು ಊಟ ಮಾಡದೆ ಹೊಲಕ್ಕೆ ಹೋಗಿಬಿಡ್ತಾರಲ್ಲ?

ಉತ್ತರ 1:
ಅದೇ ದೊಡ್ಡ ಭಯ. ಮುದ್ದೆ ಬೆಂದು ತಟ್ಟೆಗೆ ಬರೋಕೆ ಅರ್ಧ ಗಂಟೆ ಇದೆ ಅಂದಾಗಲೇ ಚುಚ್ಚಿಕೊಳ್ಳಲಿ, ಊಟ ತಪ್ಪಿಸಲೇಬಾರದು. ರಕ್ತದಲ್ಲಿ ಸಕ್ಕರೆ ತೀರಾ ಕಮ್ಮಿಯಾಗಿ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಲಿ. 15 ನಿಮಿಷದಲ್ಲಿ ಈ ಲಕ್ಷಣ ಹೋಗದಿದ್ದರೆ ಮತ್ತೆ ಅಷ್ಟೇ ಸಕ್ಕರೆ ಕುಡಿಯಲಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಲಿ. ಇದನ್ನ ಮನೆಯವರನ್ನೂ ಕೂರಿಸಿ ಹೇಳಿ.