ಗೋಕರ್ಣದಾಗ ಅಲಿ ಗೋಡಿ ಬಿದ್ದಂಗ ಒಮ್ಮೆಲೇ ಬೀಳ್ತೈತಿ, ಬೋರ್ಡಿನ ಮೂಗು ನೀರಾಗ ಹೋಗ್ತೈತಿ: ಏನ್ ತಪ್ಪಾಗಾಕತ್ತೈತಿ?

ಗಾಮನಗಟ್ಟಿ_ಲೇತ್:
ನಮಸ್ಕಾರ್ರಿ ಎಲ್ಲಾರ್ಗೂ. ತಲಿ ಕೆಟ್ಟ್ ಬರ್ಯಾಕತ್ತೀನಿ. ಈ ವರ್ಷ ಸರ್ಫಿಂಗ್ ಕಲಿಯಾಕಂತ ಮೂರು ಸಲ ಬೋರ್ಡ್ ಹೊತ್ಕೊಂಡು ಹುಬ್ಬಳ್ಳಿಯಿಂದ ಯಲ್ಲಾಪುರದ ಮ್ಯಾಲೆ ಗೋಕರ್ಣಕ್ಕ ಹೋದ್ವಿ. ಮೂರೂ ಸಲ ಒಂದರ ಅಲಿ ಸರಿಯಾಗಿ ಸಿಗಲಿಲ್ಲ. ಈ ತುದಿಯಿಂದ ಆ ತುದಿತನಕ ಒಮ್ಮೆಲೇ ಗೋಡಿ ಬಿದ್ದಂಗ ಬೀಳ್ತೈತಿ. ಎದ್ದ್ ನಿಲ್ಲೂದ್ರೊಳಗ ಬೋರ್ಡಿನ ಮೂಗು ನೀರಾಗ, ನಾ ತಲಿಕೆಳಗ. ಅಲಿ ಮುನ್ಸೂಚನೆ ಆ್ಯಪಿನ್ಯಾಗ 1.2 ಮೀಟರ್ ತೋರ್ಸಿತ್ತು, ಅಂದ್ರ ದೊಡ್ಡದೇನಲ್ಲ. ಜನಾನೂ ಇರ್ಲಿಲ್ಲ, ದಂಡಿ ಪೂರ್ತಿ ಖಾಲಿ. ಬೋರ್ಡ್ ಬದಲಿ ಮಾಡ್ಲ್ಯೋ, ಜಾಗಾ ಬದಲಿ ಮಾಡ್ಲ್ಯೋ? ರಾಮನವಮಿಗೆ ಮತ್ತ ಹೋಗಾಂವದೀನಿ, ಅದ್ರೊಳಗ ಹೇಳ್ರಿ.

ಸಪ್ತಾಪುರ_ಸಾಲು:
ಬೋರ್ಡ್ ಎಷ್ಟು ಫೂಟು, ಎಷ್ಟು ಲೀಟರು, ನಿಮ್ಮ ತೂಕ ಎಷ್ಟು, ಒಂದೂ ಬರದಿಲ್ಲಲ್ರೀ. ಮೂಗು ಮುಳಗತದ ಅಂದ್ರ ಬೋರ್ಡ್ ಸಣ್ಣದದ. ಕಲಿಯೋರಿಗೆ ಬೋರ್ಡಿನ ಲೀಟರು ಮೈತೂಕದ ಕಿಲೋದಷ್ಟರ ಇರಬೇಕು. 80 ಕಿಲೋದವರಿಗೆ 80 ಲೀಟರು, ಅಂದ್ರ ಎಂಟೂವರಿ ಫೂಟಿನ ಫೋಮ್ ಬೋರ್ಡು. ಅದಕಿಂತ ಕಡಿಮಿ ಇದ್ರ ಕೈಲೆ ಎಷ್ಟ ನೀರು ತಳ್ಳಿದ್ರೂ ವೇಗ ಬರೂದಿಲ್ಲ. ಅಲಿ ಪೂರ್ತಿ ಕಡಿದಾದ ಮ್ಯಾಲೆ ಹಿಡೀತೀರಿ, ಅಷ್ಟೊತ್ತಿಗೆ ಕೆಳಗ ಬೀಳೂದೊಂದ ದಾರಿ.

ಗಾಮನಗಟ್ಟಿ_ಲೇತ್:
7 ಫೂಟು, 46 ಲೀಟರು, ಇಪಾಕ್ಸಿ ರಾಳದ ಗಟ್ಟಿ ಬೋರ್ಡು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ನಾ 82 ಕಿಲೋ.

ಸಪ್ತಾಪುರ_ಸಾಲು:
ಮುಗೀತಲ್ಲ. 36 ಲೀಟರು ಕಡಿಮಿ ಅದ. ಬೋರ್ಡ್ ಬದಲಿ ಮಾಡ್ರಿ.

ಗದಗ_ಗಾಳಿ:
ಇಷ್ಟ ಲಗೂನ ಮುಗಸಬ್ಯಾಡ್ರಿ. ಬೋರ್ಡ್ ಸಣ್ಣದೈತಿ, ಖರೆ. ಆದ್ರ ಅಲಿ ಉದ್ದಕ್ಕೂ ಒಮ್ಮೆಲೇ ಬೀಳೂದಕ್ಕೂ ಬೋರ್ಡಿಗೂ ಏನ್ ಸಂಬಂಧ? ಹತ್ತು ಫೂಟಿನ ಬೋರ್ಡ್ ಕೊಟ್ರೂ ಆ ಅಲಿ ಹಂಗ ಬೀಳ್ತೈತಿ.

ಲೇತ್ ಅವರ, ಆ್ಯಪಿನ್ಯಾಗ ಮೀಟರ್ ಒಂದ ನೋಡಬ್ಯಾಡ್ರಿ. ಆ 1.2 ಅನ್ನೂದು ದಂಡಿ ಮ್ಯಾಗಿನ ಅಲಿ ಎತ್ತರ ಅಲ್ಲ. ಆಳ ಸಮುದ್ರದಾಗ ಬರೂ ಅಲಿಯೊಳಗ ದೊಡ್ಡ ಮೂರನೇ ಒಂದು ಪಾಲಿನ ಸರಾಸರಿ ಅದು. ನಡುವ ಒಂದೊಂದು ಅದರ ಎರಡರಷ್ಟು ಹತ್ರ ಬರ್ತಾವು. ಪಕ್ಕದಾಗ ಸೆಕೆಂಡ್ ಅಂತ ಒಂದ್ ಅಂಕಿ ಇರ್ತೈತಲ್ಲ, ಒಂದು ಅಲಿಯಿಂದ ಮುಂದಿನ ಅಲಿಗೆ ಎಷ್ಟೊತ್ತು ಅಂತ, ಅದು ಬೇಕು. 1 ಮೀಟರ್ 7 ಸೆಕೆಂಡ್ ಅಂದ್ರ ಮೆತ್ತಗಿನ ಅಲಿ. ಅದ 1 ಮೀಟರ್ 15 ಸೆಕೆಂಡ್ ಅಂದ್ರ ಹಿಂದೂ ಮಹಾಸಾಗರದ ದಕ್ಷಿಣ ತುದಿಯಿಂದ ಬಂದದ್ದು. ದಂಡಿಗೆ ಬಂದ್ ಎದ್ದಾಗ ಒಂದೂವರಿಪಟ್ಟು ಆಕ್ಕೈತಿ, ಗೆರಿ ಹೊಡದಂಗ ಉದ್ದಕ ಬರ್ತೈತಿ. ನೆಟ್ಟಗಿರೂ ದಂಡಿಗೆ ಆ ಉದ್ದ ಗೆರಿ ಬಂತಂದ್ರ ಎಲ್ಲಾ ಕಡೆ ಒಂದ ಹೊತ್ತಿಗೆ ಮುರೀತೈತಿ. ಡಿಸೆಂಬರದಿಂದ ಮಾರ್ಚ್‌ತನಕ ಅರಬ್ಬಿ ಕಡೆಯ ಶಮಾಲ್ ಗಾಳಿಯಿಂದ ವಾಯವ್ಯದ ಸಣ್ಣ ಅಲಿ ಬರ್ತಾವು, 6ರಿಂದ 8 ಸೆಕೆಂಡಿನವು. ಅವು ದಕ್ಷಿಣದ ಅಲಿಗೆ ಅಡ್ಡ ಬಿದ್ದಾಗ ಗೆರಿ ತುಂಡಾಗಿ ಗುಡ್ಡ ಗುಡ್ಡ ಆಕ್ಕೈತಿ. ಕಲಿಯೋರಿಗೆ ಅದ ಚಲೋ. ನಿಮಗ ಎಷ್ಟ ಸೆಕೆಂಡ್ ತೋರ್ಸಿತ್ತು?

ಗಾಮನಗಟ್ಟಿ_ಲೇತ್:
ಸೆಕೆಂಡ್ ನೋಡಿಲ್ರಿ.

ಹಾವೇರಿ_ಏಲಕ್ಕಿ:
ನಡುವ ಬಾಯಿ ಹಾಕ್ತೀನಿ. ನಾವು ಹಾನಗಲ್, ಶಿರಸಿ, ದೇವಿಮನೆ ಘಟ್ಟ ಇಳದು ಕುಮಟಾಕ್ಕ ಹೋಗ್ತೀವಿ. ಹುಬ್ಬಳ್ಳಿಯವರು ಯಾಕ್ ಯಲ್ಲಾಪುರದ ಮ್ಯಾಲೆ ಸುತ್ತಿ ಹೋಗ್ತೀರಿ?

ಕೇಶ್ವಾಪುರ_ಕ್ಯಾರಿಯರ್:
ಸುತ್ತಲ್ಲರಿ ಅದು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಹೆದ್ದಾರಿ 52 ನೆಟ್ಟಗ ಹೋಗ್ತೈತಿ. ಅಂಕೋಲಾದಿಂದ ದಕ್ಷಿಣಕ್ಕ ಹೊಳ್ಳಿದ್ರ ಗೋಕರ್ಣ ಕ್ರಾಸ್. ಹಾವೇರಿಯವರಿಗೆ ದೇವಿಮನೆ ಹತ್ರ, ನಮಗ ಅರಬೈಲ್ ಹತ್ರ. ಎರಡೂ ಘಟ್ಟದಾಗ ಮಳಿಗಾಲಕ್ಕ ಗುಡ್ಡ ಕುಸೀತಾವು, ಹೊರಡೂ ಮುಂದ ರಸ್ತೆ ತೆರದೈತೋ ಇಲ್ಲೋ ಕೇಳ್ರಿ.

ದಾರಿ ಮಾತು ಬಂತಂತ ಹೇಳ್ತೀನಿ, ಕಾರಿನ ಮ್ಯಾಲೆ ಬೋರ್ಡ್ ಕಟ್ಟೂದರಾಗ ಬಾಳ ಮಂದಿ ತಪ್ಪ್ ಮಾಡ್ತಾರ. ನನ್ನ ಕ್ಯಾರಿಯರ್ ಮುಕ್ಕಾಲು ಇಂಚಿನ ಎರಡು ಚೌಕ ಪೈಪು, ನಡುವ 90 ಸೆಂಟಿಮೀಟರ್ ಅಂತರ, ಎ.ಸಿ. ಪೈಪಿಗೆ ಸುತ್ತೂ ಕರೇ ಫೋಮ್ ಎರಡಕ್ಕೂ ಸುತ್ತೇನಿ. ಬೋರ್ಡನ್ನ ನಿಂದರೂ ಮೈ ಕೆಳಗ ಮಾಡಿ ಇಡ್ರಿ, ಫಿನ್, ಅಂದ್ರ ಬೋರ್ಡಿನ ಕೆಳಗಿನ ರೆಕ್ಕಿ, ಮುಂದಕ್ಕ, ಮ್ಯಾಲಕ್ಕ ಬರಬೇಕು. ಪಟ್ಟಿ ಜಗ್ಗಿ ಬಿಗಿಯೂ ರ‍್ಯಾಚೆಟ್ ಬ್ಯಾಡ, ಇಪಾಕ್ಸಿ ಅಂಚು ಸೀಳ್ತೈತಿ. ಒತ್ತು ಬಕಲ್ ಇರೂ ಪಟ್ಟಿ ಸಾಕು. ಬಕಲ್ ಕೆಳಗ ಬಟ್ಟಿ ಇಡ್ರಿ. ಪಟ್ಟಿಗೆ ಒಂದ್ ತಿರುವು ಕೊಟ್ರ ಗಾಳಿಗೆ ಬೊಂಯ್ ಅನ್ನೂದಿಲ್ಲ. ಕಾರ್ ನಿಲ್ಲಿಸಿ ಕಿಟಕಿ ಮುಚ್ಚಿ ಬಿಸಿಲಾಗ ಬೋರ್ಡ್ ಒಳಗ ಬಿಟ್ರ ಫೈಬರ್ ಗುಳ್ಳಿ ಏಳ್ತೈತಿ.

ಸಪ್ತಾಪುರ_ಸಾಲು:
ಕ್ಯಾರಿಯರ್ ಮಾತು ಬ್ಯಾರೆ ಕಡೆ ಬರೀರಿ. ಇಲ್ಲಿ ಅವರ ಬೋರ್ಡು 46 ಲೀಟರು ಅನ್ನೂದು ಮುಖ್ಯ. ಇನ್ನೊಂದು, ಕಾಲು ಜಾರದಂಗ ಬೋರ್ಡಿಗೆ ಮೇಣ ಯಾವದು ಹಚ್ಚೀರಿ? ನಮ್ಮ ಸಮುದ್ರ ಬ್ಯಾಸಗಿಗೆ 28 ಡಿಗ್ರಿ ದಾಟತದ. ತಣ್ಣೀರಿನ ಮೇಣ ಹಚ್ಚಿದ್ರ ಕರಗಿ ಎಣ್ಣಿಯಂಗ ಆಗತದ, ಕಾಲು ಜಾರಿ ಮುಂದ ಬರತೀರಿ, ಮೂಗು ಮುಳಗತದ. ಪಾಕೀಟಿನ ಮ್ಯಾಲೆ ಟ್ರಾಪಿಕಲ್ ಅಂತ ಇರಬೇಕು, 24 ಡಿಗ್ರಿಗಿಂತ ಹೆಚ್ಚಿನ ನೀರಿಗೆ. ಕೆಳಗ ಬೇಸ್ ಕೋಟ್ ಹಚ್ಚಿ, ಅದು ಕಾಳು ಕಾಳು ಎದ್ದ ಮ್ಯಾಲೆ ಟ್ರಾಪಿಕಲ್.

ಗಾಮನಗಟ್ಟಿ_ಲೇತ್:
ಮೇಣ ಟ್ರಾಪಿಕಲ್ಲೇ ಐತ್ರಿ. ಕಾಲು ಜಾರೂದಿಲ್ಲ. ನಿಲ್ಲೂದ ಆಗವಲ್ದು.

ಧಾರೇಶ್ವರ_ದಂಡೆ:
ನಾನು ಕುಮಟಾ ಕಡೆಯವಳು. ಇಷ್ಟೂ ಓದಿದೆ. ಯಾವ ದಂಡೆ, ಎಷ್ಟು ಹೊತ್ತಿಗೆ ನೀರಿಗಿಳಿದಿರಿ, ಅವತ್ತು ತಿಥಿ ಯಾವುದು, ಈ ಮೂರನ್ನು ಯಾರೂ ಕೇಳಲೇ ಇಲ್ಲವಲ್ಲ. ಕುಡ್ಲೆ ದಂಡೆ ಆದರೆ ಎರಡೂ ಕಡೆ ಗುಡ್ಡ, ಅದರ ಲೆಕ್ಕ ಬೇರೆ. ಊರ ಮುಂದಿನ ದೊಡ್ಡ ದಂಡೆಯ ಲೆಕ್ಕ ಬೇರೆ.

ಗಾಮನಗಟ್ಟಿ_ಲೇತ್:
ದೊಡ್ಡ ದಂಡಿ ಅಕ್ಕಾರ. ದೇವಸ್ಥಾನದ ಕಡೆ ಮಂದಿ ಇರ್ತಾರಂತ ಉತ್ತರಕ್ಕ ಒಂದೂವರಿ ಕಿಲೋಮೀಟರ್ ನಡದ್ ಹೋಗ್ತೀವಿ. ಬೆಳಿಗ್ಗೆ ಆರಕ್ಕ ಮನಿ ಬಿಟ್ಟು, ಯಲ್ಲಾಪುರದಾಗ ನಾಷ್ಟಾ ಮಾಡಿ, ನೀರಿಗೆ ಇಳಿಯೂದು ಹತ್ತೂವರಿ, ಹನ್ನೊಂದು. ತಿಥಿ ಅಂದ್ರ, ವರ್ಕ್‌ಶಾಪ್ ಬಂದ್ ಇರೂದು ಅಮಾಸಿಗೆ ಅಲ್ರಿ? ಅವರಾತ್ರಿ ಅಮಾಸಿ, ಶಿವರಾತ್ರಿ ಅಮಾಸಿ, ಈಗ ಯುಗಾದಿ ಅಮಾಸಿ. ಅಮಾಸಿಗೇ ಹೋಗೂದು.

ಧಾರೇಶ್ವರ_ದಂಡೆ:
ಸಿಕ್ಕಿತು ನೋಡಿ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು ನೀವು.

ಅಮಾವಾಸ್ಯೆ, ಹುಣ್ಣಿಮೆಗೆ ಭರತ ಇಳಿತ ಎರಡೂ ಜೋರು. ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ನೀರು ಒಂದೂವರೆ ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಅಷ್ಟಮಿ ಆಸುಪಾಸಿನಲ್ಲಿ ಸುಮಾರು ಅದರ ಅರ್ಧ. ಅಮಾವಾಸ್ಯೆಯ ದಿನ ಇಲ್ಲಿ ಪೂರ್ಣ ಭರತ ಬರುವುದೇ ಹೆಚ್ಚುಕಡಿಮೆ ಹನ್ನೊಂದು, ಹನ್ನೊಂದೂವರೆಗೆ. ನೀವು ಹುಬ್ಬಳ್ಳಿಯಿಂದ ಬಂದು ಬೋರ್ಡ್ ಇಳಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಮೂರು ಸಲವೂ.

ಪೂರ್ಣ ಭರತದಲ್ಲಿ ಏನಾಗುತ್ತದೆ ಅಂದರೆ, ಹೊರಗಿನ ಮರಳ ದಿಬ್ಬದ ಮೇಲೆ ನೀರು ಆಳ ಇರುವುದರಿಂದ ಅಲೆ ಅಲ್ಲಿ ಮುರಿಯುವುದೇ ಇಲ್ಲ. ಅದನ್ನು ದಾಟಿ ಸೀದಾ ದಡಕ್ಕೆ ಬರುತ್ತದೆ. ಮಳೆಗಾಲದಲ್ಲಿ ಸಮುದ್ರ ಒಳಗೆ ಎಳೆದುಕೊಂಡ ಮರಳು ಅಕ್ಟೋಬರ್ ನಂತರ ತಿರುಗಿ ಬಂದು ದಡಕ್ಕೆ ಒಟ್ಟಿರುತ್ತದೆ, ಅದಕ್ಕೇ ಬೇಸಿಗೆಯಲ್ಲಿ ದಡದ ಇಳಿಜಾರು ಹೆಚ್ಚು. ಆ ಇಳಿಜಾರಿಗೆ ಬಡಿದು ಅಲೆ ಮೊಣಕಾಲುದ್ದ ನೀರಿನಲ್ಲಿ ಇಡೀ ಸಾಲು ಒಟ್ಟಿಗೆ ಮಗುಚುತ್ತದೆ. ಅಲ್ಲಿ ಮೂಗು ಮುಳುಗದೆ ಇನ್ನೇನು? ಬೋರ್ಡ್ ಹೋದರೆ ಹೋಗಲಿ, ಅಷ್ಟು ಕಡಿಮೆ ನೀರಿನಲ್ಲಿ ತಲೆ ಮೊದಲು ಬಿದ್ದರೆ ಕುತ್ತಿಗೆ ಮುರಿಯುತ್ತದೆ. ಇನ್ನು ಆ ಹೊತ್ತಿಗೆ ದಯವಿಟ್ಟು ಇಳಿಯಬೇಡಿ.

ಗದಗ_ಗಾಳಿ:
ಅಕ್ಕಾರ ಹೇಳಿದ್ದು ಬರೋಬ್ಬರಿ. ಅದಕ್ಕ ಗಾಳಿ ಸೇರಸ್ರಿ. ದಂಡಿ ಪಶ್ಚಿಮಕ್ಕ ಮುಖ ಮಾಡೇತಿ. ನಸಿಕಿನ್ಯಾಗ ಘಟ್ಟದ ಕಡೆಯಿಂದ, ಅಂದ್ರ ಮೂಡಣದಿಂದ, ಸಮುದ್ರದ ಕಡೆ ತಣ್ಣನ ಗಾಳಿ ಬೀಸತೈತಿ. ಅದು ಅಲಿ ಮುಖ ಎತ್ತಿ ಹಿಡದು ನುಣ್ಣಗ ಮಾಡ್ತೈತಿ. ಹತ್ತು ಹನ್ನೊಂದಕ್ಕ ನೆಲಾ ಕಾದು ಗಾಳಿ ತಿರಗತೈತಿ, ವಾಯವ್ಯದಿಂದ ದಂಡಿ ಕಡೆ. ಆಮ್ಯಾಲೆ ಅಲಿ ಕದಡಿ ಬೇಕಾದಲ್ಲೆ ಕುಸೀತೈತಿ. ಭರತ ಹೊಂದಿದ್ರೂ ಒಂಬತ್ತೂವರಿಗೆ ಕೆಲಸ ಮುಗೀಬೇಕು. ಬೆಳಿಗ್ಗೆ ಆರಕ್ಕ ಹುಬ್ಬಳ್ಳಿ ಬಿಡೂದಲ್ಲ, ಆರೂವರಿಗೆ ದಂಡಿ ಮ್ಯಾಗಿರೂದು. ಹಿಂದಿನ ರಾತ್ರಿ ಹೋಗಿ ಉಳೀರಿ.

ಗಾಮನಗಟ್ಟಿ_ಲೇತ್:
ರಾಮನವಮಿಗೆ ಹೆಂಗಿರ್ತೈತಿ ಹಂಗಾರ?

ಧಾರೇಶ್ವರ_ದಂಡೆ:
ಒಳ್ಳೆಯ ದಿನ. ಭರತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನವಮಿಗೆ ಬೆಳಗಿನ ಭರತ ಆರು ಗಂಟೆ ಆಸುಪಾಸು, ಇಳಿತ ಮಧ್ಯಾಹ್ನ. ಏಳರಿಂದ ಒಂಬತ್ತೂವರೆ ನಡುವೆ ನೀರು ನಿಧಾನ ಇಳಿಯುತ್ತಿರುತ್ತದೆ, ದಿಬ್ಬದ ಮೇಲೆ ಅಲೆ ಮುರಿಯಲು ಶುರುವಾಗುತ್ತದೆ. ಪಂಚಾಂಗ ಅಂದಾಜಿಗೆ ಮಾತ್ರ, ಹೊರಡುವ ಮುಂಚೆ ಕಾರವಾರದ ಭರತದ ಪಟ್ಟಿ ನೋಡಿಕೊಳ್ಳಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕರಾವಳಿಗೆ ಅಲೆಯ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಉಬ್ಬರದ ಅಲೆಗಳ ಎಚ್ಚರಿಕೆ ಇದ್ದರೆ ಬರಲೇಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಗಾಳಿ ಇಲ್ಲದಿದ್ದರೂ ದಕ್ಷಿಣದಿಂದ ದೊಡ್ಡ ಅಲೆ ಬರುವುದುಂಟು.

ಬಂದ ಮೇಲೆ ಇಪ್ಪತ್ತು ನಿಮಿಷ ದಡದಲ್ಲೇ ಕೂತು ನೋಡಿ. ಎಲ್ಲಿ ಬಿಳಿ ನೊರೆ ಮೊದಲು ಏಳುತ್ತದೋ ಅಲ್ಲಿ ದಿಬ್ಬ ಇದೆ. ಎರಡು ನೊರೆಗಳ ನಡುವೆ ಅಲೆ ಮುರಿಯದೆ, ನೀರು ಕಪ್ಪಾಗಿ, ಶಾಂತವಾಗಿ ಕಂಡರೆ ಅದು ಸೆಳವು. ಹೊಸಬರು ಅದನ್ನೇ ಒಳ್ಳೆಯ ಜಾಗ ಅಂದುಕೊಂಡು ಇಳಿಯುತ್ತಾರೆ. ಸೆಳವಿಗೆ ಸಿಕ್ಕರೆ ಬೋರ್ಡ್ ಬಿಡಬೇಡಿ, ಎದುರು ಈಜಬೇಡಿ, ದಡಕ್ಕೆ ಸಮನಾಗಿ ಅಡ್ಡ ಹೋಗಿ ನೊರೆ ಇರುವ ಕಡೆ ಸೇರಿ.

ಉತ್ತರಕ್ಕೆ ನಡೆಯಿರಿ, ಆದರೆ ಗಂಗಾವಳಿ ಅಳಿವೆಯ ಹತ್ತಿರ ಹೋಗಬೇಡಿ. ಇಳಿತದ ಹೊತ್ತಿಗೆ ನದಿ ನೀರು, ಭರತದ ನೀರು ಎರಡೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ನಡುವೆ ಕನಿಷ್ಠ ಒಂದು ಕಿಲೋಮೀಟರ್ ಬಿಡಿ. ಬೆಳಿಗ್ಗೆ ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಎಳೆಯುವವರಿದ್ದರೆ ಬಲೆಯ ಎರಡು ಹಗ್ಗಗಳ ಒಳಗೆ ಇಳಿಯಬಾರದು. ಬೋರ್ಡನ್ನು ಕಾಲಿಗೆ ಕಟ್ಟಿದ ಹಗ್ಗ ಬಲೆಗೆ ಸಿಕ್ಕಿದರೆ ನಿಮಗೂ ಅಪಾಯ, ಅವರ ಆ ದಿನದ ದುಡಿಮೆಯೂ ಹೋಗುತ್ತದೆ. ಎಲ್ಲಿ ಇಳಿಯಲಿ ಅಂತ ಅವರನ್ನೇ ಕೇಳಿ, ದಿಬ್ಬ ಎಲ್ಲಿದೆ ಅಂತ ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ.

ಕೇಶ್ವಾಪುರ_ಕ್ಯಾರಿಯರ್:
ಗಂಗಾವಳಿ ಅಂದ್ರ ನಮ್ಮ ಉಣಕಲ್ ಕೆರಿ ನೀರಲ್ಲೇನ್ರಿ ಅದು.

ಸಪ್ತಾಪುರ_ಸಾಲು:
ಗಂಗಾವಳಿ ಮೂಲ ಶಾಲ್ಮಲಾ, ಅದು ಹುಟ್ಟೂದು ಧಾರವಾಡದ ಸೋಮೇಶ್ವರ ಗುಡಿ ಹತ್ರ. ಉಣಕಲ್ಲಿನ ಹಳ್ಳ ಕಲಘಟಗಿ ಹತ್ರ ಬಂದು ಸೇರತದ ಅಷ್ಟ. ಮೂಲ ಧಾರವಾಡದ್ದು.

ಕೇಶ್ವಾಪುರ_ಕ್ಯಾರಿಯರ್:
ಗಂಗಾವಳಿಗೆ ಬೇಡ್ತಿ ಅಂತನೂ ಹೆಸರು ಬಂದದ್ದು ಹುಬ್ಬಳ್ಳಿ ಕಡೆಯ ಹಳ್ಳದಿಂದ. ಇರ್ಲಿ ಬಿಡ್ರಿ, ಸಮುದ್ರಕ್ಕ ಎರಡೂ ಕೂಡೇ ಹೋಗ್ತಾವು.

ಹಾವೇರಿ_ಏಲಕ್ಕಿ:
ಜೂನ್‌ದಾಗ ಸೂಟಿ ಸಿಗತೈತಿ ನಮಗ. ಆವಾಗ ಅಲಿ ದೊಡ್ಡವಿರ್ತಾವಲ್ಲ, ಬರಬಹುದೇನ್ರಿ?

ಗದಗ_ಗಾಳಿ:
ಬ್ಯಾಡ್ರಿ. ಜೂನ್ 1ರಿಂದ ಜುಲೈ 31ರತನಕ ಯಾಂತ್ರಿಕ ದೋಣಿಗೇ ಮೀನುಗಾರಿಕಿ ನಿಷೇಧ ಐತಿ. ನೈಋತ್ಯದ ಗಾಳಿ ನೆಟ್ಟಗ ದಂಡಿಗೆ ಹೊಡೀತೈತಿ, ಅಲಿಗೆ ರೂಪನ ಇರೂದಿಲ್ಲ, ಸೆಳವು ದಿನಾ ಜಾಗಾ ಬದಲಸತೈತಿ. ಅಕ್ಟೋಬರ್ ನಡುವಿನಿಂದ ಮೇ ನಡುವಿನತನಕ ನಮ್ಮಂಥವರ ಕಾಲ. ಮೊದಲನೇ ಸಲ ಬರೂದಿದ್ರ ಮೂಲ್ಕಿ ಕಡೆ ಹೋಗ್ರಿ, ಅಲ್ಲೆ ಕಲಿಸೋರದಾರ, ಕೂಡ ನೀರಿಗೆ ಇಳೀತಾರ. ಖಾಲಿ ದಂಡಿ ಅಂದ್ರ ಎತ್ತಾಕ ಯಾರೂ ಇಲ್ಲಂತನೂ ಅರ್ಥ.

ಸಪ್ತಾಪುರ_ಸಾಲು:
ಭರತದ ಮಾತು ಒಪ್ಪಿದೆ. ಬೋರ್ಡಿನ ಮಾತು ನಾ ಬಿಡೂದಿಲ್ಲ. ರಾಮನವಮಿಗೆ ಎಂಟೂವರಿ ಫೂಟಿನ ಫೋಮ್ ಬೋರ್ಡ್ ಬಾಡಿಗಿಗೆ ತಗೋರಿ. ಸಿಗದಿದ್ರ ಇರೂ ಬೋರ್ಡಿನ ಮ್ಯಾಲೆ ಮಲಗಿದಾಗ ಮೂಗು ನೀರಿಂದ 5-6 ಸೆಂಟಿಮೀಟರ್ ಮ್ಯಾಲಿರೂ ಜಾಗಾ ಹುಡುಕಿ, ಗದ್ದ ಬರೂ ಕಡೆ ಮೇಣದ್ಲೆ ಗೆರಿ ಹಾಕ್ರಿ. ಪ್ರತಿ ಸಲ ಗದ್ದ ಅಲ್ಲೇ ಬರಬೇಕು. ಅಲಿ ನಾಕೈದು ಮೀಟರ್ ದೂರ ಇದ್ದಾಗ ಕೈಲೆ ನೀರು ಜಗ್ಗಾಕ ಹಚ್ಚರಿ, ಅಲಿ ಬೋರ್ಡಿನ ಹಿಂದಿನ ತುದಿ ಎತ್ತಿದ ಮ್ಯಾಲೆ ಇನ್ನೂ ಎರಡು ಸಲ ಜಗ್ಗಿ, ಆಮ್ಯಾಲೆ ಏಳ್ರಿ. ನೆಟ್ಟಗ ದಂಡಿ ಕಡೆ ಅಲ್ಲ, ಒಂದಿಷ್ಟು ಓರೆ.

ಗಾಮನಗಟ್ಟಿ_ಲೇತ್:
ಹೋಗಿ ಬಂದ್ವಿ. ಹಿಂದಿನ ರಾತ್ರಿ ಉಳದು, 6.50ಕ್ಕ ನೀರಿಗೆ. ಸೆಕೆಂಡ್ 11 ತೋರ್ಸಿತ್ತು, ಎತ್ತರ 0.8. ಫೋಮ್ ಬೋರ್ಡ್ ಸಿಗಲಿಲ್ಲ, ನಂದ 7 ಫೂಟಿಂದು ಒಯ್ದಿದ್ದೆ, ಗೆರಿ ಹಾಕಿ. ಅಲಿ ದಿಬ್ಬದ ಮ್ಯಾಲೆ ಒಂದ್ ಕಡೆಯಿಂದ ಮುರೀಕೋತ ಬಂತು, ಗೋಡಿ ಬಿದ್ದಂಗ ಬೀಳಲಿಲ್ಲ. ಏಳು ಸಲ ನಿಂತೆ, ಎಡಕ್ಕ ಹೊಳ್ಳಿದ್ದು ಎರಡು. ಮೂಗು ಮುಳಗಿದ್ದು ಮೂರ ಸಲ. ಒಂಬತ್ತೂವರಿಗೆ ಗಾಳಿ ಹೊಳ್ಳಿತು, ಎದ್ದ್ ಬಂದ್ವಿ. ಅಕ್ಕಾರ, ನಿಮಗ ಬಾಳ ಉಪಕಾರ ಆತ್ರಿ.

ಈಗ ಬ್ಯಾರೆ ತ್ರಾಸು. ತೊಳಿಯೂಮುಂದ ನೋಡಿದ್ರ ನಡುವಿನ ಫಿನ್ ಅಳ್ಳಾಡಾಕತ್ತೈತಿ, ಅದರ ಸ್ಕ್ರೂ ಮಾತ್ರ ತಿರಗವಲ್ದು. 2 ಎಂ.ಎಂ. ಅಲೆನ್ ಕೀ ಹಾಕಿದ್ರ ಒಳಗ ಜಾರತೈತಿ. ಡ್ರಿಲ್ ಹಚ್ಚಲ್ಯೋ?

ಕೇಶ್ವಾಪುರ_ಕ್ಯಾರಿಯರ್:
ಡ್ರಿಲ್ ಬ್ಯಾಡ, ಫಿನ್ ಕೂಡೂ ಪ್ಲಗ್ ಒಡದ್ರ ನೀರು ಫೋಮಿಗೆ ಇಳೀತೈತಿ. ಅದು ಎಂ.ಎಂ. ಕೀ ಅಲ್ಲ, 3/32 ಇಂಚಿಂದು. 2 ಎಂ.ಎಂ. ಸಡಲ ಆಗಿ ಮೂಲಿ ತಿಂತೈತಿ. ಮೊದಲು ಸೂಜಿಲೆ ಆರು ಮೂಲಿಯೊಳಗಿನ ಮರಳ ಕೆದರಿ ತಗೀರಿ, ಬೆಚ್ಚನ ಸೀನೀರು ಹಾಕಿ ಅರ್ಧ ತಾಸು ಬಿಡ್ರಿ, ಉಪ್ಪು ಕರಗಲಿ. 3/32 ಕೀ ತಳಾ ಮುಟ್ಟೂತನಕ ಒತ್ತಿ, ಮೊದಲು ಒಂದಿಷ್ಟು ಬಿಗಿ ಮಾಡೂ ಕಡೆ, ಆಮ್ಯಾಲೆ ಬಿಚ್ಚೂ ಕಡೆ. ಮೂಲಿ ಪೂರ್ತಿ ಸವದಿದ್ರ ಟಿ-10 ಟಾರ್ಕ್ಸ್ ಬಿಟ್ ಹಗೂರಕ ಬಡದು ಕೂಡಸಿ ತಿರಗಸ್ರಿ. ಬಿಚ್ಚಿದ ಸ್ಕ್ರೂ ಒಗದು ಹೊಸಾದು ಹಾಕ್ರಿ, ಸ್ಟೇನ್‌ಲೆಸ್ಸೇ ಇರಬೇಕು, ಎಳಿಗೆ ಒಂದೀಟು ಗ್ರೀಸ್ ಹಚ್ಚಿ.

ಗಾಮನಗಟ್ಟಿ_ಲೇತ್:
3/32 ವರ್ಕ್‌ಶಾಪಿನ್ಯಾಗ ಐತಿ. ನಾಳೆ ನೋಡ್ತೀನ್ರಿ.

ಸಪ್ತಾಪುರ_ಸಾಲು:
ಎಂಟೂವರಿ ಫೂಟಿನ ಫೋಮ್ ಬೋರ್ಡು, 84 ಲೀಟರು, ನನ್ನ ಹತ್ರ ಒಂದದ. ಮುಂದಿನ ಅಷ್ಟಮಿಗೆ ಹೋಗೂದಿದ್ರ ಹೇಳ್ರಿ, ಕೊಡತೀನಿ.