ಬೈಕಿನ ಬೋಲ್ಟೆಲ್ಲ ತುಕ್ಕು, ಸ್ಟೇನ್‌ಲೆಸ್ ಹಾಕಿಸಲಾ?

ಪ್ರಶ್ನೆ: ಅಣ್ಣಾ, ನಮ್ಮ ಮನೆ ಮಲ್ಪೆಯಲ್ಲಿ, ಸಮುದ್ರದ ಹತ್ತಿರವೇ. ಬೈಕಿಗೆ ಇನ್ನೂ ಎರಡು ವರ್ಷ ತುಂಬಿಲ್ಲ, ನಂಬರ್ ಪ್ಲೇಟು, ಸೈಲೆನ್ಸರು, ಲೆಗ್ ಗಾರ್ಡಿನ ಬೋಲ್ಟುಗಳು ಆಗಲೇ ಕೆಂಪಾಗಿವೆ. ಮೊನ್ನೆ ಲೆಗ್ ಗಾರ್ಡ್ ಬಿಚ್ಚಲು ಹೋದರೆ ಬೋಲ್ಟಿನ ತಲೆ ಮಾತ್ರ ಕೈಗೆ ಬಂತು. ವಾರಕ್ಕೊಮ್ಮೆ ಡಬ್ಲ್ಯೂಡಿ-40 ಹೊಡೆಯುತ್ತೇನೆ, ಆದ್ರೂ ಹೀಗೆ. ಎಲ್ಲ ಬೋಲ್ಟೂ ಸ್ಟೇನ್‌ಲೆಸ್ ಹಾಕಿಸಿಬಿಡಲಾ?

ಉತ್ತರ: ಸ್ವಲ್ಪ ತಡಿ ಮಾರಾಯ. ಡಬ್ಲ್ಯೂಡಿ ಅಂದ್ರೆ ನೀರು ಓಡಿಸುವುದು ಅಂತಲೇ ಅರ್ಥ. ಅದು ನೀರನ್ನು ಹೊರದೂಡುತ್ತದೆ, ಜಾಮ್ ಆದದ್ದನ್ನು ಸ್ವಲ್ಪ ಸಡಿಲ ಮಾಡುತ್ತದೆ, ಆದರೆ ಅದರ ಪದರ ತುಂಬಾ ತೆಳು, ನಮ್ಮ ಕಡೆಯ ಒಂದೆರಡು ಜೋರು ಮಳೆಗೆ ತೊಳೆದುಹೋಗುತ್ತದೆ.

ಹೊಸ ಬೋಲ್ಟಿನ ಮೇಲೆ ಹೊಳೆಯುವುದು ಸತುವಿನ ಲೇಪ, ನಾವು ಝಿಂಕ್ ಅನ್ನುತ್ತೇವೆ. ಅದು ತಾನು ಸವೆದು ಒಳಗಿನ ಕಬ್ಬಿಣ ಉಳಿಸುತ್ತದೆ. ಆದರೆ ಕೆಲವೇ ಮೈಕ್ರಾನ್ ದಪ್ಪ, ಕೂದಲಿಗಿಂತ ಎಷ್ಟೋ ತೆಳು. ಪಾನಾ ಒಮ್ಮೆ ಜಾರಿದರೆ ಮೂಲೆಗಳಲ್ಲಿ ಹೋಯ್ತು. ಮೊದಲು ಸುಣ್ಣದಂಥ ಬಿಳಿ ಪುಡಿ ಕಾಣುತ್ತದೆ, ಆಮೇಲೆ ಕೆಂಪು. ಬಿಳಿ ಇರುವಾಗಲೇ ಕೈ ಹಾಕಬೇಕು. ಉಪ್ಪು ಕೂತರೆ ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ, ಮಳೆ ಇಲ್ಲದ ರಾತ್ರಿಯೂ ಬೋಲ್ಟು ಒದ್ದೆಯೇ. ಆದ್ದರಿಂದ ಮೊದಲ ಮದ್ದು ಸಿಹಿನೀರಲ್ಲಿ ತೊಳೆಯುವುದು. ನಿಮ್ಮ ಬಾವಿ ನೀರೇ ಉಪ್ಪಾದರೆ ಸುಮ್ನೆ ತೊಳೆದು ಪ್ರಯೋಜನವಿಲ್ಲ. ಮೀನಿನ ಲಾರಿಯ ಹಿಂದೆ ಅಂಟಿಕೊಂಡು ಹೋಗುವುದನ್ನೂ ಬಿಡು, ಅದರಿಂದ ಸುರಿಯುವುದೂ ಉಪ್ಪುನೀರೇ!

ಮೇ ತಿಂಗಳಲ್ಲಿ ಒಂದು ಭಾನುವಾರ ಕೂತ್ಕೋ. ಪ್ಲೇಟು, ಮಡ್‌ಗಾರ್ಡಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಬ್ರಷ್ ಹಾಕಿ, ಥ್ರೆಡ್ಡಿಗೆ ಗ್ರೀಸ್ ಸವರಿ ಹಾಕು. ವಾಷರಿನ ಅಡಿಗೂ ಸವರಬೇಕು, ನೀರು ನಿಲ್ಲುವುದು ಅಲ್ಲೇ. ಆಮೇಲೆ ತಲೆಯ ಮೇಲೆ ಮೇಣದಂತೆ ಒಣಗುವ ತುಕ್ಕುನಿರೋಧಕ ಸ್ಪ್ರೇ ಹೊಡಿ. ಗ್ರೀಸ್ ಹಾಕಿದ ಬೋಲ್ಟು ಅಷ್ಟೇ ಬಲಕ್ಕೆ ಜಾಸ್ತಿ ಬಿಗಿಯುತ್ತದೆ, ಜೋರು ತಿರುವಬೇಡ.

ಸ್ಟೇನ್‌ಲೆಸ್ ಪ್ಲೇಟಿಗೆ, ಮಡ್‌ಗಾರ್ಡಿಗೆ ಹಾಕು. ಕಡಲ ಬದಿಯಲ್ಲಿ 304 ದರ್ಜೆಯ ಸ್ಟೇನ್‌ಲೆಸ್ಸಿಗೂ ಕಂದು ಕಲೆ ಬರುತ್ತದೆ, 316 ದರ್ಜೆಯದು ಸಿಕ್ಕರೆ ಒಳ್ಳೆಯದು. ಬ್ರೇಕ್ ಕ್ಯಾಲಿಪರ್, ಆಕ್ಸಲ್, ಎಂಜಿನ್ ಮೌಂಟ್ ಮಾತ್ರ ಮುಟ್ಟಲೇಬೇಡ. ಅಲ್ಲಿನ ಬೋಲ್ಟಿನ ತಲೆ ನೋಡು, 8.8 ಅಥವಾ 10.9 ಅಂತ ಇರಬಹುದು. ಅದು ಬಲದ ಗುರುತು, ಅಂಗಡಿಯ ಮಾಮೂಲು ಸ್ಟೇನ್‌ಲೆಸ್ಸಿಗೆ ಅಷ್ಟು ಬಲವಿಲ್ಲ. ಇನ್ನೊಂದು, ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ಬೋಲ್ಟನ್ನು ಗ್ರೀಸ್ ಇಲ್ಲದೆ ಕೂರಿಸಿದರೆ ಉಪ್ಪುನೀರು ಸೇರಿ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಬೋಲ್ಟು ಫಳಫಳ, ಥ್ರೆಡ್ಡು ಪುಡಿಪುಡಿ.

ಪ್ರಶ್ನೆ: ಸುಟ್ಟ ಎಂಜಿನ್ ಆಯಿಲ್ ಬಳಿದರೆ ಸಾಕು ಅಂತಾರಲ್ವಾ ಅಣ್ಣಾ?

ಉತ್ತರ: ಹಳೇ ಕಾಲದಿಂದ ಬಳಿಯುತ್ತಾರೆ, ನಾನೂ ಬಳಿದಿದ್ದೇನೆ. ಧೂಳು ಅಂಟುತ್ತದೆ, ರಬ್ಬರ್ ಬುಷ್ಷು ಊದುತ್ತದೆ, ಡಿಸ್ಕಿಗೆ ತಾಗಿದರೆ ಬ್ರೇಕೇ ಹಿಡಿಯುವುದಿಲ್ಲ. ಬೇಡ.

ಪ್ರಶ್ನೆ: ಮುರಿದ ಬೋಲ್ಟು ಒಳಗೇ ಇದೆಯಲ್ಲಾ?

ಉತ್ತರ: ನೀನೇ ಡ್ರಿಲ್ ಹಾಕಬೇಡ. ಇವತ್ತು ರಾತ್ರಿ, ನಾಳೆ ರಾತ್ರಿ ಪೆನಿಟ್ರೇಟಿಂಗ್ ಆಯಿಲ್, ಅಂದ್ರೆ ಸಂದಿಗೆ ಇಳಿದು ತುಕ್ಕು ಸಡಿಲಿಸುವ ಎಣ್ಣೆ, ಬಿಡು. ಹೊರಗೆ ಸ್ವಲ್ಪ ಚಾಚಿದ್ದರೆ ನಟ್ಟು ವೆಲ್ಡ್ ಮಾಡಿ ತಿರುವಿ ತೆಗೆಯಬಹುದು. ಚಾಚಿದೆಯಾ ಅಂತ ಒಂದು ಫೋಟೋ ಹಾಕು.