ಸಹಾಯ ಬೇಕು: ಕೆಂಪು ಕೋಟು ಮತ್ತು ಬಾಬಾಡೂಕ್, ಎರಡೂ ಒಂದೇನಾ?

ಹಾರರ್ ಸಿನಿಮಾ ಜಾಸ್ತಿ ನೋಡುವವರು ಸ್ವಲ್ಪ ದಾರಿ ತೋರಿಸಿ. ಹಳೆಯದೊಂದು, ಹೊಸದೊಂದು ಹೋಲಿಸಿ ಬರೆಯಲು ಕೂತಿದ್ದೇನೆ. ನಿಕೋಲಸ್ ರೋಗ್ ಅವರ ‘ಡೋಂಟ್ ಲುಕ್ ನೌ’ (1973), ಜೆನಿಫರ್ ಕೆಂಟ್ ಅವರ ‘ದಿ ಬಾಬಾಡೂಕ್’ (2014). ಎರಡರಲ್ಲೂ ಇರುವುದು ಸಾವಿನ ದುಃಖ. ಅಲ್ಲಿ ಕೆಂಪು ಕೋಟು ತೊಟ್ಟ ಮಗಳು ಕೊಳದಲ್ಲಿ ಮುಳುಗಿ ಸಾಯುತ್ತಾಳೆ, ಇಲ್ಲಿ ಹೆಂಡತಿಯನ್ನು ಹೆರಿಗೆಗೆ ಕರೆದೊಯ್ಯುವಾಗ ಗಂಡ ಅಪಘಾತದಲ್ಲಿ ಸತ್ತಿರುತ್ತಾನೆ. (ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.)

ಹೊಸದು ಸುಲಭ. ಬಾಬಾಡೂಕ್ ಅನ್ನುವ ಭೂತವೇ ದುಃಖ. ಅದು ಸಾಯುವುದಿಲ್ಲ, ನೆಲಮಾಳಿಗೆಯಲ್ಲೇ ಉಳಿಯುತ್ತದೆ, ತಾಯಿ ಬಟ್ಟಲಲ್ಲಿ ಹುಳ ತುಂಬಿಕೊಂಡು ಇಳಿದು ಹೋಗಿ ಅದಕ್ಕೆ ಊಟ ಇಟ್ಟು ಬರುತ್ತಾಳೆ.

ಸಿಕ್ಕಿಬಿದ್ದಿರುವುದು ಹಳೆಯದರಲ್ಲಿ. ಮೊದಲ ದೃಶ್ಯದಲ್ಲೇ ಅಪ್ಪ ನೋಡುತ್ತಿದ್ದ ಫೋಟೋ ಸ್ಲೈಡ್ ಮೇಲೆ ನೀರು ಚೆಲ್ಲಿ ಕೆಂಪು ಹರಡುತ್ತದಲ್ವಾ, ಆಮೇಲೆ ವೆನಿಸ್‌ನ ಗಲ್ಲಿಗಳಲ್ಲೂ ಅದೇ ಕೆಂಪು ಅವನನ್ನು ಎಳೆಯುತ್ತದೆ. ಆದರೆ ಕೊನೆಗೆ ಆ ಕೆಂಪು ಕೋಟು ತಿರುಗಿದಾಗ ಅದು ಮಗಳೂ ಅಲ್ಲ, ದೆವ್ವವೂ ಅಲ್ಲ, ಯಾರೋ ಸಂಬಂಧವೇ ಇಲ್ಲದ ಕೊಲೆಗಾತಿ!

ಮೂರು ಸಲ ನೋಡಿದೆ. ಕೊನೆಯ ಭಾಗವನ್ನು ಶಬ್ದ ಬಂದ್ ಮಾಡಿಯೂ ನೋಡಿದೆ, ಮನೆಯಲ್ಲಿ ನಕ್ಕರು. ಡಾಫ್ನೆ ಡು ಮೊರಿಯೆ ಬರೆದ ಮೂಲ ಕಥೆಯನ್ನೂ ಓದಿದೆ. ಅಲ್ಲಿ ಮಗು ಸಾಯುವುದು ಮೆನಿಂಜೈಟಿಸ್ ಅನ್ನುವ ಮೆದುಳು ಪೊರೆಯ ಕಾಯಿಲೆಯಿಂದ. ಅಂದರೆ ಕೊಳ, ನೀರು ಎಲ್ಲ ಸಿನಿಮಾದವರು ಬೇಕಂತಲೇ ತಂದದ್ದು. ಆದರೂ ಗಂಟು ಬಿಚ್ಚಲಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಆ ಕೊಲೆಗಾತಿಯನ್ನು ಬಾಬಾಡೂಕ್‌ನ ಹಾಗೆ ದುಃಖದ ರೂಪ ಅಂತ ಓದಬಹುದಾ, ಇಲ್ಲಾ ದುಃಖ ಅವನ ಕಣ್ಣಿಗೆ ಮಾಡಿದ ಮೋಸ ಅಂತ ಮಾತ್ರ ಹೇಳಬೇಕಾ? ಯಾವ ದೃಶ್ಯ ನೋಡಿ ಹಾಗನ್ನಿಸಿತು ಅಂತಲೂ ತಿಳಿಸಿ.